ನಾಖುದನ ಅತಿಥಿ

ಕಾರವಾರದ ನೌಕಾನೆಲೆಯಲ್ಲಿ 2025ರ ಮೇ ತಿಂಗಳಲ್ಲಿ ‘ಕೌಂಡಿನ್ಯ’ ಎಂಬ ಹಾಯಿಹಡಗು ನೌಕಾಪಡೆಗೆ ಸೇರಿತು. ಅಜಂತಾ ಗುಹೆಯ ಐದನೇ ಶತಮಾನದ ಚಿತ್ರವೊಂದನ್ನು ಆಧಾರ ಮಾಡಿಕೊಂಡು, ಕೇರಳದ ಬಡಗಿಗಳು ಗೋವಾದಲ್ಲಿ ಕಟ್ಟಿದ ಹಡಗು ಅದು. ಮೊಳೆ ಹೊಡೆದಿಲ್ಲ, ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಹಾಯಿಯ ಮೇಲೆ ಗಂಡಭೇರುಂಡ. ಅದೇ ವರ್ಷ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಅದು ಜನವರಿ ನಡುವಿನಲ್ಲಿ ಮಸ್ಕತ್ ಮುಟ್ಟಿತು. ಮೊಮ್ಮಗಳು ಫೋನಿನಲ್ಲಿ ಆ ದೃಶ್ಯ ತೋರಿಸಿ, ಗಾಳಿಯೊಂದನ್ನೇ ನಂಬಿ ಇಷ್ಟು ದೂರ ಹೋಗಲು ಆಗುತ್ತದೆಯೇ ಅಜ್ಜಾ ಎಂದು ಕೇಳಿದಳು. ಆಗುತ್ತದೆ, ಇದಕ್ಕಿಂತ ದೂರ ನಾನೇ ಹೋಗಿದ್ದೇನೆ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಹೇಳುತ್ತ ಹೋದಂತೆ, ಅರವತ್ತು ವರ್ಷಗಳಿಂದ ನಾನು ಈ ಕಥೆಯಲ್ಲಿ ಗಾಳಿ, ಅಲೆ, ನಕ್ಷತ್ರಗಳಿಗೆ ಕೊಟ್ಟಷ್ಟು ಜಾಗವನ್ನು ಮನುಷ್ಯರಿಗೆ ಕೊಟ್ಟಿರಲಿಲ್ಲ ಎನ್ನಿಸಿತು. ಅವರ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಹಳೆಯ ಬಂದರಿನ ಪಕ್ಕದ ಓಣಿಯಲ್ಲಿ. ತಂದೆ ಹೆಂಚು ರಫ್ತು ಮಾಡುವ ಒಬ್ಬ ವ್ಯಾಪಾರಿಯ ಮಂಡಿಯಲ್ಲಿ ಗುಮಾಸ್ತರು. 1865ರಲ್ಲಿ ಬಾಸೆಲ್ ಮಿಶನ್ನಿನವರು ನೇತ್ರಾವತಿಯ ದಡದಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಜೆಪ್ಪು, ಬೋಳಾರ, ಹೊಯಿಗೆ ಬಜಾರಿನ ಉದ್ದಕ್ಕೂ ಒಂದರ ಪಕ್ಕ ಒಂದು ಚಿಮಣಿ ಎದ್ದಿತ್ತು. ನದಿಯ ಕೆಸರುಮಣ್ಣು, ಘಟ್ಟದ ಸೌದೆ, ಹೊಳೆಯ ದೋಣಿ, ಕಡಲಿನ ಹಡಗು, ಇಷ್ಟರಲ್ಲಿ ಇಡೀ ಪೇಟೆಯ ಅನ್ನ ಬೇಯುತ್ತಿತ್ತು. ನೂಲ ಹುಣ್ಣಿಮೆಗೆ ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿದ ಮೇಲೆ ಸಮುದ್ರ ನಿಧಾನಕ್ಕೆ ಇಳಿಯಬೇಕು. ಆಮೇಲೆ ಅಳಿವೆ ಬಾಗಿಲು ತೆರೆದು ಒಂದೊಂದಾಗಿ ಹಾಯಿಹಡಗುಗಳು ಬರುತ್ತಿದ್ದವು. ಲಕ್ಷದ್ವೀಪದ ಮಂಜಿಗಳು, ಮಲಬಾರಿನ ಪತ್ತೆಮಾರಿಗಳು, ಕೊಲ್ಲಿಯಿಂದ ಖರ್ಜೂರ ತರುವ ಅರಬರ ಹಡಗುಗಳು, ಕಚ್ಛದ ಮಾಂಡವಿಯಿಂದ ಬರುವ ಕೋಟಿಯಾಗಳು. ಧಕ್ಕೆಯ ಮೇಲೆ ಹೆಂಗಸರು ತಲೆಯ ಮೇಲೆ ಹೆಂಚು ಪೇರಿಸಿಕೊಂಡು ಸಾಲಾಗಿ ಹಲಗೆ ಹತ್ತುತ್ತಿದ್ದರು. ಒಂದೊಂದು ಹೆಂಚು ಎರಡೂವರೆ ಕಿಲೋದಷ್ಟು ಭಾರ. ಅವರ ಕತ್ತು ಅಲ್ಲಾಡುತ್ತಿರಲಿಲ್ಲ, ಬಾಯಿ ಮಾತ್ರ ತುಳುವಿನಲ್ಲಿ ಮೇಸ್ತ್ರಿಯನ್ನು ಬೈಯುತ್ತಿತ್ತು.

ಮಾಂಡವಿಯ ಒಂದು ಕೋಟಿಯಾದ ನಾಖುದ, ಅಂದರೆ ಹಡಗಿನ ಯಜಮಾನ, ಪ್ರತಿ ವರ್ಷ ನಮ್ಮ ಮನೆಗೆ ಬರುತ್ತಿದ್ದ. ಐವತ್ತರ ಹತ್ತಿರದ ಗಟ್ಟಿ ಆಳು, ಗಡ್ಡದಲ್ಲಿ ಅಲ್ಲಲ್ಲಿ ಮದರಂಗಿಯ ಕೆಂಪು. ಹಿಂದಿ, ಕಚ್ಛಿ, ಅರಬ್ಬಿ ಬಲ್ಲವನು, ಧಕ್ಕೆಯಲ್ಲಿ ಕಲಿತ ತುಳುವನ್ನೂ ಮಾತಾಡುತ್ತಿದ್ದ. ಲೆಕ್ಕದಲ್ಲಿ ತಂದೆ ಒಂದು ಕಾಸೂ ಆಚೀಚೆ ಮಾಡುವವರಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವನು ಮಾತಿಗೆ ತಪ್ಪುವವನಲ್ಲ ಎಂಬುದು ತಂದೆಗೆ ಗೊತ್ತಿತ್ತು. ಇಬ್ಬರೂ ಜಗಲಿಯ ಮೇಲೆ ಕೂತು ಹೊತ್ತು ಮುಳುಗುವವರೆಗೆ ಮಾತಾಡುತ್ತಿದ್ದರು. ನಮ್ಮದು ಮೀನು ತಿನ್ನುವ, ಆದರೆ ಮಡಿಯನ್ನೂ ಬಿಡದ ಮನೆ. ನಾಖುದನಿಗೆ ಬೆಲ್ಲದ ಕಾಫಿ ಕೊಡುವುದಕ್ಕೆ ಒಂದು ಗಾಜಿನ ಲೋಟ ಬೇರೆಯೇ ಇತ್ತು. ಜಗಲಿಯ ಗೋಡೆಯ ಗೂಡಿನಲ್ಲಿ ಅದರ ಜಾಗ. ಕುಡಿದಾದ ಮೇಲೆ ಅವನೇ ಅಂಗಳದ ಬಾನಿಯಿಂದ ನೀರು ತೆಗೆದು, ಲೋಟ ತೊಳೆದು, ಗೂಡಿನಲ್ಲಿ ಬೋರಲು ಇಡುತ್ತಿದ್ದ. ಅವನಾಗಲಿ ನಾವಾಗಲಿ ಅದರ ಬಗ್ಗೆ ಮಾತಾಡಿದ್ದಿಲ್ಲ. ನಾನು ಚಿಕ್ಕಂದಿನಿಂದ ನೋಡುತ್ತ ಬೆಳೆದದ್ದರಿಂದ ಗೂಡು ಇರುವುದೇ ಆ ಲೋಟಕ್ಕಾಗಿ ಎಂದುಕೊಂಡಿದ್ದೆ.

ನನ್ನ ಸೋದರಮಾವ ಮೊಂಬಾಸಾದಲ್ಲಿ ಗುಜರಾತಿಯೊಬ್ಬರ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಓದು ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನನ್ನನ್ನು ಕಳಿಸಿಕೊಡಿ ಎಂದು ಪತ್ರ ಬರೆದ. ಬೊಂಬಾಯಿಯಿಂದ ಉಗಿಹಡಗಿನ ಟಿಕೆಟ್ಟಿಗೆ ಹಣವಿರಲಿಲ್ಲ. ತಂದೆ ಜಗಲಿಯಲ್ಲಿ ಈ ಮಾತು ತೆಗೆದಾಗ ನಾಖುದ, ಈ ಸಲ ಹೆಂಚು ಹೊತ್ತು ಮೊಂಬಾಸಾಕ್ಕೇ ಹೋಗುತ್ತಿದ್ದೇನೆ, ಹುಡುಗ ನನ್ನ ಜೊತೆ ಬರಲಿ ಎಂದ. ಬಾಡಿಗೆ ಎಷ್ಟು ಎಂದು ಕೇಳಿದ್ದಕ್ಕೆ ಅವನಿಗೆ ನಿಜವಾಗಿಯೂ ನೋವಾಯಿತು. ಪ್ರಯಾಣಿಕರನ್ನು ನಾನು ಹತ್ತಿಸಿಕೊಳ್ಳುವುದಿಲ್ಲ, ಅವನು ನನ್ನ ಅತಿಥಿ, ಎಂದು ಎದ್ದು ಹೋದ. ಸಮುದ್ರ ದಾಟಿದರೆ ಕುಲ ಕೆಡುತ್ತದೆ ಎಂದು ಅಜ್ಜಿ ಊಟ ಬಿಟ್ಟಳು. ಮಾವ ಆಗಲೇ ದಾಟಿದ್ದಾನಲ್ಲ ಎಂದರೆ, ಅವನು ಹೋದದ್ದು ಬೆಂಕಿಹಡಗಿನಲ್ಲಿ ಎನ್ನುತ್ತಿದ್ದಳು. ಅದರಲ್ಲಿ ಅವಳ ತರ್ಕವೇನಿತ್ತೋ. ತಾಯಿ ಮಾತಾಡಲಿಲ್ಲ. ಹಪ್ಪಳ, ಮಿಡಿ ಉಪ್ಪಿನಕಾಯಿ, ಒಣಗಿಸಿದ ಹಲಸಿನ ಸೊಳೆ, ಒಂದೊಂದನ್ನೇ ಡಬ್ಬಕ್ಕೆ ತುಂಬತೊಡಗಿದಳು.

1962ರ ಜನವರಿಯ ಒಂದು ರಾತ್ರಿ ಹೊರಟೆವು. ಕರಾವಳಿಯಲ್ಲಿ ಆ ತಿಂಗಳುಗಳಲ್ಲಿ ಹಗಲು ಕಡಲಗಾಳಿ ಒಳಕ್ಕೆ ಬೀಸುತ್ತದೆ. ನಡುರಾತ್ರಿಯ ಮೇಲೆ ನೆಲ ತಣ್ಣಗಾಗಿ ಗಾಳಿ ಹೊರಕ್ಕೆ ತಿರುಗುತ್ತದೆ. ಆ ನೆಲಗಾಳಿ ಮತ್ತು ಇಳಿತದ ನೀರು ಎರಡೂ ಕೂಡಿಬಂದ ಗಳಿಗೆಗಾಗಿ ನಾಖುದ ಕಾಯುತ್ತಿದ್ದ. ಅಳಿವೆಯ ಮರಳುದಿಬ್ಬದ ಮೇಲೆ ತಳ ತಾಗದಂತೆ ಹಡಗು ಹೊರಬೀಳುವಾಗ ಯಾರೂ ಉಸಿರೆತ್ತಲಿಲ್ಲ. ದಾಟಿದ ಮೇಲೆ ಹಡಗಿನ ಹಿಂದೂ ಖಲಾಸಿಗಳಾದ ಖಾರ್ವಾಗಳು ಕಡಲದೇವ ದರಿಯಾಲಾಲನ ಹೆಸರೆತ್ತಿ ತೆಂಗಿನಕಾಯಿ ನೀರಿಗೆ ಬಿಟ್ಟರು, ನಾಖುದ ಮತ್ತು ಅವನ ಕಡೆಯವರು ಕೈಯೆತ್ತಿ ದುವಾ ಮಾಡಿದರು. ಆಮೇಲೆ ಎಲ್ಲರೂ ಒಂದೇ ಹಗ್ಗಕ್ಕೆ ಕೈಹಚ್ಚಿ, ಒಬ್ಬ ಹಾಡಿನ ಸೊಲ್ಲು ಎತ್ತಿಕೊಡುತ್ತಿದ್ದಂತೆ, ದೊಡ್ಡ ಹಾಯಿಯನ್ನು ಕೂವೆಗೆ ಏರಿಸಿದರು. ನಾನೂ ಹಗ್ಗ ಹಿಡಿಯಲು ಹೋದೆ. ಖಲಾಸಿಗಳ ಮೇಸ್ತ್ರಿಯಾದ ತಂಡೇಲ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದ. ಅತಿಥಿ ಹಗ್ಗ ಮುಟ್ಟುವ ಹಾಗಿಲ್ಲವಂತೆ. ದಾರಿಯುದ್ದಕ್ಕೂ ಈ ನಿಯಮ ಸಡಿಲವಾಗಲಿಲ್ಲ.

ಕೋಟಿಯಾ ಎಂದರೆ ಎರಡು ಕೂವೆಯ ಹಡಗು. ಮುಂಭಾಗದ ತುದಿಯಲ್ಲಿ ಹಿಂದಕ್ಕೆ ನೋಡುತ್ತಿರುವ ಗಿಳಿಯ ತಲೆಯಂಥ ಕೆತ್ತನೆ, ಹಿಂಭಾಗದ ಹಲಗೆಯ ಮೇಲೆ ಬಳ್ಳಿ, ಹೂವು. ಮೈಗೆಲ್ಲ ಮೀನೆಣ್ಣೆ ಹಚ್ಚಿರುತ್ತಾರೆ. ನೀರಿನೊಳಗಿನ ಭಾಗಕ್ಕೆ ಹುಳು ಕೊರೆಯದಂತೆ ಸುಣ್ಣ ಮತ್ತು ಕೊಬ್ಬಿನ ಗಾರೆ. ಆ ವಾಸನೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಒಡಲ ತುಂಬ ಹುಲ್ಲಿನ ಮೇಲೆ ಅಂಚೂರಿ ನಿಲ್ಲಿಸಿದ ಹೆಂಚು. ಹೆಂಚಿನ ಭಾರ ತಳದಲ್ಲಿ ಕೂತಿರುವುದರಿಂದ ಹಡಗು ಗಾಳಿಗೆ ಹೆಚ್ಚು ವಾಲುವುದಿಲ್ಲ, ಇದಕ್ಕಿಂತ ಒಳ್ಳೆಯ ಸರಕಿಲ್ಲ ಎಂದು ನಾಖುದ ಹೇಳುತ್ತಿದ್ದ. ಹಿಂದಿನ ಎತ್ತರದ ಅಟ್ಟದ ಮೇಲೆ ಅವನ ಚಾಪೆ, ಅದರ ಪಕ್ಕ ನನ್ನದು. ಉಳಿದವರೆಲ್ಲ, ಇಪ್ಪತ್ತರ ಆಸುಪಾಸಿನ ಜನ, ಹಗ್ಗದ ಸುರುಳಿಗಳ ನಡುವೆ, ನೀರಿನ ಮರದ ತೊಟ್ಟಿಯ ಮಗ್ಗುಲಲ್ಲಿ, ಸಿಕ್ಕ ಸಿಕ್ಕಲ್ಲಿ ಮಲಗುತ್ತಿದ್ದರು. ಹಿಂಬದಿಯ ಅಂಚಿಗೆ ತೂಗುಹಾಕಿದ ತೆರೆದ ಮರದ ಪೆಟ್ಟಿಗೆಯೇ ಪಾಯಿಖಾನೆ. ಕೆಳಗೆ ನೊರೆಯೇಳುವ ನೀರು. ಅದರೊಳಗೆ ಇಳಿಯುವ ಧೈರ್ಯ ಬರಲು ನನಗೆ ಸಮಯ ಹಿಡಿಯಿತು.

ಮೊದಲ ಸಂಜೆಯ ಊಟ ನನಗೆ ಈಗಲೂ ಅತ್ಯಂತ ಸ್ಪಷ್ಟ. ಅಡುಗೆಯ ಭಂಡಾರಿ ದೊಡ್ಡ ಕಲಾಯಿ ತಾಟಿನಲ್ಲಿ ಅನ್ನ, ಅದರ ಮೇಲೆ ಅಂಜಲ್ ಮೀನಿನ ಸಾರು ಸುರಿದು ಅಟ್ಟದ ಮೇಲಿಟ್ಟ. ನಾಖುದ, ದಾರಿ ಲೆಕ್ಕಹಾಕುವ ಮಾಲಮಿ, ತಂಡೇಲ ಮೂವರೂ ಒಂದೇ ತಾಟಿನ ಸುತ್ತ ಕೂತರು. ಖಾರ್ವಾಗಳು ಸ್ವಲ್ಪ ದೂರದಲ್ಲಿ ತಮ್ಮ ತಮ್ಮ ತಾಟಿನೊಂದಿಗೆ ಕೂತಿದ್ದರು. ನಾಖುದ ನನ್ನ ಕಡೆ ನೋಡಿ, ಯಾರಿಗೂ ಕೇಳದಷ್ಟು ತಗ್ಗಿದ ದನಿಯಲ್ಲಿ, “ನಿನಗೆ ಅಲ್ಲಿ ಕೂರಬೇಕೆನಿಸಿದರೆ ಅಲ್ಲಿ ಕೂರು. ನಿನ್ನ ಮನೆಯ ರೀತಿ ನನಗೆ ಗೊತ್ತು” ಎಂದ. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಎಲ್ಲಿ ಕೂತರೂ ಅವನ ಮನಸ್ಸಿಗೆ ಬೇಸರವಾಗದಂತೆ ಅವನೇ ದಾರಿ ಮಾಡಿಕೊಟ್ಟಿದ್ದ. ಮುಖ ಬಿಸಿಯಾಯಿತು. ಅವನ ಬಲಗಡೆ ಹೋಗಿ ಕೂತೆ. ಅವನು ಮೀನಿನ ನಡುತುಂಡನ್ನು ಮುಳ್ಳು ಬಿಡಿಸಿ ನನ್ನ ಕಡೆಯ ಅನ್ನದ ಮೇಲಿಟ್ಟ. ಮುಂದೆ ದಿನವೂ ಹಾಗೆಯೇ. ತಾಟಿನಲ್ಲಿ ಒಳ್ಳೆಯದೇನಿದ್ದರೂ ನನ್ನ ಕಡೆಗೆ ಬರುತ್ತಿತ್ತು. ತಾಯಿ ಕಟ್ಟಿಕೊಟ್ಟಿದ್ದ ಹಪ್ಪಳವನ್ನು ಭಂಡಾರಿ ಕೆಂಡದ ಮೇಲೆ ಸುಟ್ಟು ಕೊಟ್ಟಾಗ ನಾಖುದ ಎರಡನೆಯದನ್ನು ಕೇಳಿ ಪಡೆದ. ಅಷ್ಟು ವರ್ಷ ಜಗಲಿಗೆ ಬಂದವನು ನಮ್ಮ ಮನೆಯ ಅಡುಗೆಯ ರುಚಿ ಕಂಡದ್ದು ಅದೇ ಮೊದಲು.

ಲಕ್ಷದ್ವೀಪದ ಬಡಗಣಕ್ಕೆ ಸರಿದು ಹೋದ ಮೇಲೆ ಗಾಳಿ ನಿಂತಿತು. ಹಾಯಿ ಒಮ್ಮೆ ಉಬ್ಬಿ, ಒಮ್ಮೆ ಕೂವೆಗೆ ರಪ್ಪನೆ ಬಡಿದು, ಜೋತುಬೀಳುತ್ತಿತ್ತು. ನೀರು ಎಣ್ಣೆಯಂತೆ ಮಿರುಗುತ್ತಿತ್ತು. ಕುಡಿಯುವ ನೀರಿನ ಅಳತೆ ಬಿಗಿಯಾಯಿತು, ಸ್ನಾನ ಬಟ್ಟೆಗೆಲ್ಲ ಉಪ್ಪುನೀರೇ. ನನಗೆ ಗಾಬರಿ. ನಾಖುದ ಮಾತ್ರ ಹರಿದ ಹಾಯಿಗೆ ತೇಪೆ ಹಾಕಿಸುತ್ತ, ಗಾಳಿಗೂ ಪಂಚಾಂಗವಿದೆ, ಇಂದು ನಾಳೆಯಲ್ಲಿ ಬರಲೇಬೇಕು ಎನ್ನುತ್ತಿದ್ದ. ಬಂತು. ಈಶಾನ್ಯದಿಂದ, ಒಣಗಾಳಿ, ಮೊದಲು ನೀರಿನ ಮೇಲೆ ಕಪ್ಪು ಗೀರಾಗಿ ಕಂಡು ಆಮೇಲೆ ನಮ್ಮನ್ನು ತಲುಪಿತು. ಹಿಂದಿನಿಂದ ತುಸು ಬಲಕ್ಕೆ ಹಿಡಿದ ಆ ಗಾಳಿಗೆ ಕೂಡಿಸಿದ ಹಾಯಿಯನ್ನು ಆಫ್ರಿಕಾದ ಕರಾವಳಿ ಹತ್ತಿರವಾಗುವವರೆಗೆ ಬದಲಿಸಬೇಕಾಗಲಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಏಷ್ಯಾದ ನೆಲ ತಣ್ಣಗಿದ್ದು ಗಾಳಿ ಆಫ್ರಿಕಾದತ್ತ ಹರಿಯುತ್ತದೆ; ಬೇಸಗೆಯಲ್ಲಿ ನೆಲ ಕಾದಾಗ ಅದೇ ಗಾಳಿ ನೈರುತ್ಯದಿಂದ ಮರಳುತ್ತದೆ. ಹೋಗುವುದಕ್ಕೆ ಒಂದು, ಬರುವುದಕ್ಕೆ ಇನ್ನೊಂದು. ಇದನ್ನು ಮುಂದೆ ಭೂಗೋಳದ ಪುಸ್ತಕದಲ್ಲಿ ಓದಿದಾಗಲೆಲ್ಲ ನನಗೆ ನಾಖುದ ಸೂಜಿ ದಾರ ಹಿಡಿದು ಕೂತದ್ದೇ ಕಣ್ಣಿಗೆ ಬರುತ್ತದೆ.

ಈ ಪಂಚಾಂಗ ತಿಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಡಲಲ್ಲೇ ದಾಖಲೆಯಿದೆ. ವಾಸ್ಕೋ ಡ ಗಾಮ 1498ರಲ್ಲಿ ಮಲಿಂದಿಯಿಂದ ಈ ಕಡೆಗೆ ಬರುವಾಗ ಸ್ಥಳೀಯ ಮಾರ್ಗದರ್ಶಿಯ ನೆರವಿನಿಂದ ಏಪ್ರಿಲ್ 24ಕ್ಕೆ ಹೊರಟು ಮೇ 20ರ ಹೊತ್ತಿಗೆ ಕಲ್ಲಿಕೋಟೆಯ ಬಳಿ ಇದ್ದ. ಹಿಂದಿರುಗುವಾಗ ಕಾರವಾರದ ಎದುರಿನ ಅಂಜದೀವ ನಡುಗಡ್ಡೆಯಿಂದ ಅಕ್ಟೋಬರ್ 5ಕ್ಕೇ ಹಾಯಿ ಎತ್ತಿದ. ಈಶಾನ್ಯದ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ನಿಂತ ನೀರು, ಎದುರುಗಾಳಿ. ಮಲಿಂದಿ ಮುಟ್ಟುವಾಗ 1499ರ ಜನವರಿ 7. ಮೂರು ತಿಂಗಳು. ವಸಡು ಊದಿ, ಕಾಲು ಬಾತು, ಮೂವತ್ತರಷ್ಟು ಜನ ಸತ್ತಿದ್ದರು. ಅದೇ ಕಡಲನ್ನು ಕಚ್ಛದವರು, ಮಲಬಾರಿನವರು, ಹದ್ರಮೌತಿನವರು ಅವನಿಗಿಂತ ಎಷ್ಟೋ ಶತಮಾನ ಮೊದಲಿನಿಂದ ಋತು ನೋಡಿ ದಾಟುತ್ತಿದ್ದರು. ಶಾಲೆಯಲ್ಲಿ ನಮಗೆ ಗಾಮನ ಹೆಸರನ್ನು ಕಂಠಪಾಠ ಮಾಡಿಸಿದರು. ಕಡಲು ದಾಟುವುದು ದಿನಗೆಲಸವಾಗಿದ್ದವರ ಬಗ್ಗೆ ಒಂದು ಪುಟವೂ ಇರಲಿಲ್ಲ.

ರಾತ್ರಿಗಳಲ್ಲಿ ಮಾಲಮಿ ನನಗೆ ಆಕಾಶ ಓದಿಸುತ್ತಿದ್ದ. ಮಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಹದಿಮೂರು ಡಿಗ್ರಿ ಮೇಲಿರುತ್ತದೆ, ನಾವು ತೆಂಕಣಕ್ಕೆ ಜಾರಿದಂತೆ ಅದೂ ಇಳಿಯುತ್ತದೆ. ಅವನ ಹತ್ತಿರ ಸೆಕ್ಸ್‌ಟಂಟ್ ಇತ್ತು, ಹೋಕಾಯಂತ್ರವಿತ್ತು. ಆದರೆ ಅಜ್ಜನ ಕಾಲದ ಕಮಾಲ್ ಒಂದನ್ನೂ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದ. ಅಂಗೈಯಗಲದ ಮರದ ಹಲಗೆ, ನಡುವೆ ತೂತು, ಅದರಿಂದ ಹೊರಟ ದಾರದಲ್ಲಿ ಗಂಟುಗಳು. ಗಂಟನ್ನು ಹಲ್ಲಿನಲ್ಲಿ ಕಚ್ಚಿ ದಾರ ಬಿಗಿಹಿಡಿದು, ಹಲಗೆಯ ಕೆಳಅಂಚನ್ನು ದಿಗಂತಕ್ಕೂ ಮೇಲಂಚನ್ನು ಧ್ರುವಕ್ಕೂ ಸರಿಹೊಂದಿಸಬೇಕು. ಒಂದೊಂದು ಗಂಟು ಒಂದೊಂದು ಬಂದರಿನ ನೆಲೆ. ಯಾವ ಗಂಟಿನಲ್ಲಿ ನಕ್ಷತ್ರ ಕೂಡಿಬರುತ್ತದೋ ಆ ಬಂದರಿನ ಸಾಲಿನಲ್ಲಿ ನೀವಿದ್ದೀರಿ. ಅವನ ಪೋಥಿಯಲ್ಲಿ ಗುಜರಾತಿ ಅಂಕೆಗಳು, ಕರಾವಳಿಯ ಗುಡ್ಡಗಳ ಗೆರೆಚಿತ್ರ, ಯಾವ ನಕ್ಷತ್ರ ಎಲ್ಲಿ ಮುಳುಗುವಾಗ ಯಾವ ಕಡೆ ಚುಕ್ಕಾಣಿ ತಿರುಗಿಸಬೇಕೆಂಬ ಟಿಪ್ಪಣಿ. ಮಂಗಳೂರಿನ ಪುಟದಲ್ಲಿ ಅವನು ಬರೆದಿದ್ದ ಕುದುರೆಮುಖದ ಸಾಲಿನ ಗೆರೆಯನ್ನು ನಾನು ತಟ್ಟನೆ ಗುರುತಿಸಿದೆ. ಒಂದು ರಾತ್ರಿ ಧ್ರುವ ಮಂಜಿನಲ್ಲಿ ಅಡಗಿತು, ಮತ್ತೆ ಕಾಣಲಿಲ್ಲ. ಅಷ್ಟು ಹೊತ್ತಿಗೆ ಅಗಸ್ತ್ಯ ತೆಂಕಣದಲ್ಲಿ ಇನ್ನಷ್ಟು ಮೇಲೇರುತ್ತ, ತ್ರಿಶಂಕು ನಡುರಾತ್ರಿಯ ಮೇಲೆ ನೇರವಾಗಿ ನಿಲ್ಲುತ್ತಿತ್ತು.

ಇಷ್ಟನ್ನೇ ಹೇಳಿದರೆ ಅದು ಸುಂದರವಾದ ಪಯಣ. ಇಷ್ಟನ್ನೇ ನಾನು ವರ್ಷಗಟ್ಟಲೆ ಹೇಳಿದೆ ಕೂಡ. ಆದರೆ ಭಂಡಾರಿಯ ಕೈಕೆಳಗೆ ಹನ್ನೊಂದೋ ಹನ್ನೆರಡೋ ವಯಸ್ಸಿನ ಒಬ್ಬ ಹುಡುಗನಿದ್ದ. ಮರಳು ತುಂಬಿದ ಪೆಟ್ಟಿಗೆಯೇ ಒಲೆ. ಅದರ ಮುಂದೆ ಬೆಳಗಿನ ಜಾವದಿಂದ ಅವನ ಕೆಲಸ ಶುರು. ಹಡಗು ಓಲಾಡಿದಾಗ ಕುದಿಯುವ ಗಂಜಿ ಅವನ ಮೊಣಕೈವರೆಗೆ ಚೆಲ್ಲಿತು. ತಂಡೇಲ ಸುಟ್ಟ ಜಾಗಕ್ಕೆ ಎಣ್ಣೆ ಹಚ್ಚಿ, ಮಾರನೆಯ ದಿನ ಮತ್ತೆ ಒಲೆಯ ಮುಂದೆ ಕೂರಿಸಿದ. ಹುಡುಗ ಅಳಲಿಲ್ಲ. ಅವನ ಮನೆಯವರು ಋತುವಿನ ಮುಂಗಡ ಪಡೆದು ಕಳಿಸಿದ್ದರು; ಅದು ತೀರುವವರೆಗೆ ಅವನಿಗೆ ಬೇರೆ ದಾರಿಯಿರಲಿಲ್ಲ. ನನಗಿಂತ ಏಳೆಂಟು ವರ್ಷ ಚಿಕ್ಕವನು ನನಗೆ ಚಹಾ ತಂದುಕೊಡುತ್ತಿದ್ದ, ನಾನು ಅಟ್ಟದ ಮೇಲೆ ಕಾಲು ಚಾಚಿ ಕುಡಿಯುತ್ತಿದ್ದೆ. ನಾಖುದ ನನಗೆ ಮುಳ್ಳು ಬಿಡಿಸಿಕೊಟ್ಟವನು ನಿಜ. ಆ ಹುಡುಗನ ಊಟ ಎಲ್ಲರಿಗಿಂತ ಕೊನೆಗೆ, ತಳದಲ್ಲಿ ಉಳಿದದ್ದು, ಎಂಬುದನ್ನು ಕಂಡೂ ಬದಲಿಸದಿದ್ದವನೂ ಅವನೇ. ಒಬ್ಬನೇ ಮನುಷ್ಯನಲ್ಲಿ ಎರಡೂ ಇದ್ದವು. ನಮ್ಮ ಮನೆಯ ಜಗಲಿಯಲ್ಲೂ ಎರಡೂ ಇದ್ದವಲ್ಲವೇ?

ಆಫ್ರಿಕಾದ ನೆಲ ಕಣ್ಣಿಗೆ ಬೀಳುವ ಮೊದಲೇ ಹಡಗಿನ ನಡೆ ಬದಲಾಯಿತು. ನೀರಿನ ಬಣ್ಣ ತಿಳಿಹಸುರಿಗೆ ತಿರುಗಿತು, ಹಕ್ಕಿಗಳು ಬಂದವು. ಈಯದ ಗುಂಡಿನ ಬುಡಕ್ಕೆ ಕೊಬ್ಬು ಮೆತ್ತಿ ಹಗ್ಗ ಕಟ್ಟಿ ಇಳಿಬಿಟ್ಟರು. ಮೇಲೆಳೆದಾಗ ಕೊಬ್ಬಿಗೆ ಅಂಟಿದ ಮರಳನ್ನು ಮಾಲಮಿ ಬೆರಳಿನಲ್ಲಿ ಉಜ್ಜಿ, ಮೂಸಿ, ಪೋಥಿ ತಿರುವಿ, ಎಲ್ಲಿದ್ದೇವೆಂದು ಹೇಳಿದ. ಇನ್ನು ಕರಾವಳಿಯ ಉದ್ದಕ್ಕೆ ತೆಂಕಣಕ್ಕೆ ಇಳಿಯಬೇಕು. ಅಂದರೆ ಇಷ್ಟು ದಿನ ಬಲಗಡೆಯಿಂದ ಹಿಡಿದ ಗಾಳಿ ಈಗ ಎಡಗಡೆಯಿಂದ ಬರುತ್ತದೆ, ಹಾಯಿಯನ್ನು ಕೂವೆಯ ಆಚೆ ಬದಿಗೆ ದಾಟಿಸಬೇಕು. ಕೋಟಿಯಾದ ಹಾಯಿ ಕಟ್ಟಿರುವ ಅಡ್ಡಮರ ಹಡಗಿನಷ್ಟೇ ಉದ್ದ, ಹತ್ತಾರು ಜನ ಎತ್ತುವ ಭಾರ. ಹಡಗಿನ ಬೆನ್ನನ್ನು ಗಾಳಿಗೆ ಕೊಟ್ಟು, ಆ ಮರವನ್ನು ನೆಟ್ಟಗೆ ನಿಲ್ಲಿಸಿ, ಕೂವೆಯ ಮುಂದಿನಿಂದ ಸುತ್ತಿಸಿ ಆ ಕಡೆಗೆ ಒಯ್ಯಬೇಕು. ಆ ಹೊತ್ತು ಸಡಿಲ ಹಾಯಿ ಹುಚ್ಚೆದ್ದು ಬಡಿಯುತ್ತಿರುತ್ತದೆ. ನಸುಕಿನಲ್ಲಿ ಈ ಕೆಲಸ ನಡೆಯುವಾಗ ಹಗ್ಗವೊಂದು ಜಾರಿತು. ಮರ ಕುಸಿದು ಒಬ್ಬ ಖಲಾಸಿಯ ಬಲಗೈ ಬೆರಳುಗಳು ಅಂಚಿನ ಹಲಗೆಯ ನಡುವೆ ಸಿಕ್ಕಿಕೊಂಡವು. ಹಿಂದಿನ ದಿನ ಸಂಜೆ ನನಗೆ ಹಗ್ಗದಲ್ಲಿ ಗಂಟು ಹಾಕುವುದನ್ನು ಕಲಿಸಿದ ಬೆರಳುಗಳು. ಹಗ್ಗ ಹಿಡಿದವರು ಬಿಡುವ ಹಾಗಿರಲಿಲ್ಲ, ಬಿಟ್ಟರೆ ನಾಲ್ವರು ಸಾಯುತ್ತಿದ್ದರು. ಹಾಯಿ ಆ ಬದಿಗೆ ಕಟ್ಟಿ ಮುಗಿದ ಮೇಲೆಯೇ ಅವನ ಹತ್ತಿರ ಹೋದದ್ದು. ಸುಣ್ಣ, ಅರಿಸಿನ, ಬಟ್ಟೆ. ಮೊಂಬಾಸಾದ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಬಲಗೈ ಹಿಡಿತವಿಲ್ಲದ ಖಲಾಸಿಗೆ ಯಾವ ಹಡಗಿನಲ್ಲಿ ಕೆಲಸ? ಪರಿಹಾರ ಎಂಬ ಮಾತು ಆ ವ್ಯವಹಾರದಲ್ಲೇ ಇರಲಿಲ್ಲ. ಹಾಯಿಹಡಗು ಹೋಗಿ ಎಂಜಿನ್ ಬಂದದ್ದಕ್ಕೆ ಮರುಗುವವರನ್ನು ಕಂಡಾಗ ನನಗೆ ಆ ನಸುಕು ನೆನಪಾಗುತ್ತದೆ. ಎಂಜಿನ್ ಎಷ್ಟೋ ಜನರ ಬೆರಳು ಉಳಿಸಿದೆ. ಹಾಯಿಯ ಚಂದವನ್ನು ನಾನೂ ಮರೆತಿಲ್ಲ, ಆದರೆ ಈ ಮಾತು ಬಿಟ್ಟು ಅದನ್ನು ಹೊಗಳಲು ನನಗೆ ಬಾರದು.

ಮೊಂಬಾಸಾದ ಹಳೆಯ ಬಂದರಿಗೆ ಒಳಹೋಗುವಾಗ ಎಡಗಡೆ ಪೋರ್ಚುಗೀಸರು 1590ರ ದಶಕದಲ್ಲಿ ಕಟ್ಟಿದ ಫೋರ್ಟ್ ಜೀಸಸ್. ಅದರ ಆಚೆ ಹಳೆಯ ಪೇಟೆಯ ಮನೆಗಳು. ಹವಳದ ಕಲ್ಲಿನ ಗೋಡೆ, ಅಲ್ಲಲ್ಲಿ ಕೆಂಪು ಮಾಡು. ಹತ್ತಿರವಾದಂತೆ ಆ ಕೆಂಪು ನನಗೆ ಪರಿಚಯದ್ದು ಎನಿಸಿತು: ನಮ್ಮೂರಿನ ಹೆಂಚು. ಮುಂದೆ ಮಾವನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿ ಮೇಲೆ ನೋಡಿದರೆ ಹೆಂಚಿನ ಬೆನ್ನಿನ ಮೇಲೆ ಮಂಗಳೂರಿನ ಕಾರ್ಖಾನೆಯ ಮುದ್ರೆ ಓದಬಹುದಾಗಿತ್ತು. ನಾಖುದ ನನ್ನನ್ನು ಮಾವನ ಮನೆಯ ಬಾಗಿಲವರೆಗೆ ತಲುಪಿಸಿದ. ಮಾವ ಒಳಗೆ ಕರೆದು, ಕುರ್ಚಿಯಲ್ಲಿ ಕೂರಿಸಿ, ತಾನು ಕುಡಿಯುವ ಬಟ್ಟಲಿನಲ್ಲೇ ಚಹಾ ಕೊಟ್ಟ. ಆ ಊರಿನಲ್ಲಿ ಬ್ರಿಟಿಷರ ಎದುರು ಎಲ್ಲ ಹಿಂದೂಸ್ತಾನಿಗಳೂ ಜಗಲಿಯವರೇ ಆಗಿದ್ದರು. ಮಾವ ತನ್ನ ಮನೆಯಲ್ಲಿ ಗೂಡು ಇಡುವುದನ್ನು ಎಂದೋ ಬಿಟ್ಟಿದ್ದ.

ಅಲ್ಲಿನ ವಾಸ ನನಗೆ ಒಗ್ಗಲಿಲ್ಲ. ಮುಂದಿನ ವರ್ಷ ಬ್ರಿಟಿಷ್ ಇಂಡಿಯಾ ಹಡಗು ಕಂಪನಿಯ ‘ಕರಂಜಾ’ ಉಗಿಹಡಗಿನ ಡೆಕ್ಕಿನಲ್ಲಿ ಬೊಂಬಾಯಿಗೆ ಮರಳಿದೆ. 1963ರ ಡಿಸೆಂಬರಿನಲ್ಲಿ ಕೀನ್ಯಾ ಸ್ವತಂತ್ರವಾಯಿತು. 1964ರ ಜನವರಿಯಲ್ಲಿ ಜಂಜಿಬಾರಿನಲ್ಲಿ ಕ್ರಾಂತಿಯಾಗಿ ರಕ್ತ ಹರಿಯಿತು. ಹಾಯಿಹಡಗುಗಳ ಹಳೆಯ ವ್ಯಾಪಾರ ಅಲ್ಲಿಂದ ಚೇತರಿಸಿಕೊಳ್ಳಲಿಲ್ಲ. ಇತ್ತ ನಾಖುದ ಬರುವುದು ನಿಂತಿತು. ಕೋಟಿಯಾಗಳಿಗೆ ಎಂಜಿನ್ ಕೂತಿತು. ಪಣಂಬೂರಿನ ಹೊಸ ಬಂದರು 1975ರಲ್ಲಿ ಉದ್ಘಾಟನೆಯಾದ ಮೇಲೆ ನಮ್ಮ ಬಂದರಿಗೆ ಮೀನಿನ ದೋಣಿಗಳೂ ಲಕ್ಷದ್ವೀಪಕ್ಕೆ ಜಲ್ಲಿ, ತರಕಾರಿ ಹೊರುವ ಮಂಜಿಗಳೂ ಉಳಿದವು. ಕಾಂಕ್ರೀಟು ಬಂದು ಹೆಂಚಿನ ಚಿಮಣಿಗಳು ಒಂದೊಂದೇ ಆರಿದವು.

ಕೌಂಡಿನ್ಯದ ಬಗ್ಗೆ ನನಗೆ ಸಂತೋಷವಿದೆ. ಹೊಲಿದ ಹಲಗೆ ಇಂದಿನ ಅರಬ್ಬಿ ಕಡಲಿಗೆ ತಡೆಯುತ್ತದೆ ಎಂದು ತೋರಿಸಿದ್ದು ಸಣ್ಣ ವಿಷಯವಲ್ಲ. ಅದರಲ್ಲಿದ್ದ ನಾವಿಕರ ಹೆಸರು ಪತ್ರಿಕೆಯಲ್ಲಿ ಬಂದದ್ದು ನನಗೆ ಅದಕ್ಕಿಂತ ದೊಡ್ಡದಾಗಿ ಕಂಡಿತು. ಹನ್ನೆರಡನೇ ಶತಮಾನದಲ್ಲಿ ಟ್ಯುನೀಶಿಯಾದ ಯಹೂದಿ ವ್ಯಾಪಾರಿ ಬೆನ್ ಯಿಜು ಹಲವು ವರ್ಷ ಮಂಗಳೂರಿನಲ್ಲಿದ್ದು ಬರೆದ, ಪಡೆದ ಕಾಗದಗಳು ಕೈರೋದ ಸಿನಗಾಗಿನಲ್ಲಿ ಸಿಕ್ಕಿವೆ. ವ್ಯಾಪಾರಿಯ ಕಾಗದ ಉಳಿಯಿತು. ಅವನ ಸರಕು ಹೊತ್ತ ಹಡಗಿನಲ್ಲಿ ಹಾಯಿ ಎಳೆದವನಿಗೆ ಕಾಗದ ಬರೆಯುವ ಪ್ರಸಂಗವೇ ಇರಲಿಲ್ಲ. ನನ್ನ ಕಾಲದ ಖಲಾಸಿಗಳ ಸ್ಥಿತಿಯೂ ಅದಕ್ಕಿಂತ ಬೇರೆಯಾಗಿರಲಿಲ್ಲ. ಭಟ್ಕಳ, ಹೊನ್ನಾವರ, ತದಡಿ, ಮಲ್ಪೆಯ ಓಣಿಗಳಲ್ಲಿ ಹಾಯಿಯ ಕಾಲ ಕಂಡ ಮುದುಕರು ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇರಬಹುದು. ಹೊಸ ಹಡಗು ಕಟ್ಟಲು ಸಿಕ್ಕ ಹಣ, ಶ್ರದ್ಧೆಗಳಲ್ಲಿ ಒಂದು ಪಾಲು ಇವರ ಮುಂದೆ ಕೂತು ಕೇಳಿಸಿಕೊಳ್ಳುವುದಕ್ಕೂ ಸಿಗಬೇಕು.

ಎಂಬತ್ತರ ದಶಕದಲ್ಲಿ ಕೆಲಸದ ಮೇಲೆ ಭುಜ್‌ಗೆ ಹೋಗಿದ್ದಾಗ ಮಾಂಡವಿಗೆ ಬಸ್ಸು ಹತ್ತಿದೆ. ರುಕ್ಮಾವತಿ ಹೊಳೆಯ ದಂಡೆಯ ಮೇಲೆ ಇನ್ನೂ ಮರದ ಹಡಗುಗಳು ಏಳುತ್ತಿದ್ದವು, ಒಡಲಲ್ಲಿ ಎಂಜಿನ್ನಿಗೆ ಜಾಗ ಬಿಟ್ಟು. ವಿಚಾರಿಸುತ್ತ ಹೋಗಿ ನಾಖುದನ ಮನೆ ಕಂಡುಹಿಡಿದೆ. ಅವನು ತೀರಿಕೊಂಡು ವರ್ಷಗಳಾಗಿದ್ದವು. ಮಗ ಕೊಲ್ಲಿಗೆ ಹೋಗುವ ಹಡಗೊಂದರ ಸಾರಂಗನಾಗಿದ್ದ. ನಾನು ಹೆಸರು, ಊರು ಹೇಳುತ್ತಿದ್ದಂತೆ ಒಳಗಿನಿಂದ ನಾಖುದನ ಹೆಂಡತಿ ಹೊರಬಂದಳು. ಮಂಗಳೂರಿನ ಗುಮಾಸ್ತನ ಮಗನೇ, ಮೊದಲ ರಾತ್ರಿ ತಾಟಿನಲ್ಲಿ ಕೂತವನೇ ಎಂದು ಕೇಳಿದಳು. ನಾಖುದ ಆ ಮಾತನ್ನು ಮನೆಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದನಂತೆ. ಜಗಲಿಯ ಲೋಟದ ವಿಷಯವನ್ನು ಹೇಳಿದ್ದನೇ ಎಂದು ನಾನು ಕೇಳಿದೆ. ಮಗ, ಹೇಳಿದ್ದರು, ಎಂದು ಸುಮ್ಮನಾದ. ಆಕೆಯೇ ಮುಂದುವರಿದು, ಅದು ಅವರಿಗೆ ನೋವಾಗುತ್ತಿತ್ತು, ಆದರೂ ನಿಮ್ಮಪ್ಪನ ಮಾತಿಗಾಗಿ ಹೋಗುತ್ತಿದ್ದರು ಎಂದಳು. ಬೆರಳು ಹೋದ ಖಲಾಸಿ ಊರಿನಲ್ಲಿ ಬೀಡಿ ಅಂಗಡಿ ಇಟ್ಟು ಬದುಕಿದ, ಅಂಗಡಿಗೆ ನಾಖುದ ಹಣ ಕೊಟ್ಟಿದ್ದ, ಅದರಲ್ಲಿ ಅರ್ಧ ಮರಳಿಸಿ ಖಲಾಸಿ ತೀರಿಕೊಂಡ ಎಂದೂ ತಿಳಿಯಿತು. ಒಲೆಯ ಹುಡುಗನ ಬಗ್ಗೆ ಅವರಿಗೆ ಗೊತ್ತಿರಲಿಲ್ಲ.

ಮಂಗಳೂರಿಗೆ ಬಂದು ತಾಯಿಗೆ ಎಲ್ಲ ಹೇಳಿದೆ. ಆಗ ಅವಳಿಗೆ ಎಪ್ಪತ್ತು ದಾಟಿತ್ತು, ತಂದೆ ಇರಲಿಲ್ಲ. ನಾಖುದನಿಗೆ ನೋವಾಗುತ್ತಿತ್ತು ಎಂಬ ಮಾತನ್ನು ನಾನು ಬಿಡದೆ ಹೇಳಿದೆ. ಅವಳು ಒಂದಾದ ಮೇಲೊಂದು ಕೇಳತೊಡಗಿದಳು. ಅವನ ಹೆಂಡತಿಯ ಹೆಸರೇನು? ಮಕ್ಕಳೆಷ್ಟು, ಉಳಿದವೆಷ್ಟು? ಗಂಡ ಏಳೆಂಟು ತಿಂಗಳು ಕಡಲಿನ ಮೇಲಿದ್ದರೆ ಮನೆಗೆ ಅಕ್ಕಿ ಯಾರು ತರುತ್ತಿದ್ದರು? ಹಡಗು ಬರುವ ದಿನ ತಪ್ಪಿದಾಗ ಆಕೆ ಏನು ಮಾಡುತ್ತಿದ್ದಳು? ನನಗೆ ಗೊತ್ತಿದ್ದದ್ದು ಸ್ವಲ್ಪ. ಉಳಿದದ್ದಕ್ಕೆ ಪತ್ರ ಬರಿ ಎಂದು ಎದುರು ಕೂತಳು. ಅವಳು ಕೊಂಕಣಿಯಲ್ಲಿ ಹೇಳಿದಂತೆ ನಾನು ಹಿಂದಿಯಲ್ಲಿ ಬರೆದೆ. ಪತ್ರದ ಜೊತೆ ಉದ್ದಿನ ಹಪ್ಪಳದ ಕಟ್ಟೂ ಪಾರ್ಸೆಲ್ಲಿನಲ್ಲಿ ಹೋಯಿತು. ತಿಂಗಳೊಪ್ಪತ್ತಿನಲ್ಲಿ ಮಾಂಡವಿಯಿಂದ ಉತ್ತರ ಬಂತು, ಮಗನ ಕೈಬರಹ, ತಾಯಿಯ ಮಾತು. ಕೇಳಿದ್ದಕ್ಕೆಲ್ಲ ಸಾಲಾಗಿ ಉತ್ತರಿಸಿ, ಆಕೆಯೂ ತನ್ನ ಕಡೆಯಿಂದ ಕೇಳಿದ್ದಳು: ನಿಮಗೆ ಮಕ್ಕಳೆಷ್ಟು, ಹುಡುಗನನ್ನು ಸಮುದ್ರಕ್ಕೆ ಕಳಿಸಿ ನೀವು ನಿದ್ದೆ ಮಾಡಿದಿರಾ, ಹಪ್ಪಳದ ಹಿಟ್ಟಿಗೆ ಏನೇನು ಹಾಕುತ್ತೀರಿ.